ಎದುರು ಸಾಲಿಗೆ ಕ್ಯಾಂಟೀನು ಬಂದ ವರ್ಷ

ಕಳೆದ ತಿಂಗಳು ಸುಶೀಲೆಯ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಹೊಳೆದಂಡೆಯ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು ವಾಪಸು ಬಸ್ಸಿಗೆ ಕಾಯುವಾಗ ಮಳೆ ಹಿಡಿಯಿತು. ಓಡಿ ಹೋಗಿ ಒಂದು ಕಟ್ಟಡದ ಸಜ್ಜದ ಕೆಳಗೆ ನಿಂತೆವು. ಪಕ್ಕದ ಕಿಟಕಿಯಿಂದ ಬಿಸಿ ಹಬೆ ಹೊರಗೆ ನುಗ್ಗುತ್ತಿತ್ತು. ಅದರಲ್ಲಿ ಸೌದೆಯ ಹೊಗೆಯಿಲ್ಲ, ಒಗ್ಗರಣೆಯ ಘಮವೂ ಇಲ್ಲ. ದೊಡ್ಡ ಸ್ಟೀಲ್ ಪೆಟ್ಟಿಗೆಯೊಳಗೆ ಹಬೆಯಲ್ಲೇ ಬೆಂದ ಅನ್ನದ ಸಪ್ಪೆ ವಾಸನೆ. ಸುಶೀಲೆ ಒಮ್ಮೆ ಉಸಿರೆಳೆದುಕೊಂಡು, "ನಿಮ್ ಕ್ಯಾಂಟೀನ್ ವಾಸ್ನೆ ಕಣ್ರೀ," ಅಂದಳು.

ನನ್ನ ಹೆಸರಲ್ಲಿ ಯಾವ ಕ್ಯಾಂಟೀನೂ ಇಲ್ಲ. ನಾಗಮಂಗಲದಲ್ಲಿ ಭಾಮೈದನ ಮನೆಯ ಮುಂದಿನ ಕೋಣೆಯಲ್ಲಿ ನಾವಿಬ್ಬರೂ ಸೇರಿ ಊಟದ ಮೆಸ್ಸು ನಡೆಸುತ್ತಿದ್ದೇವೆ, ಅಷ್ಟೇ. ಆದರೆ ನಮ್ಮ ಮನೆಯ ಮಾತಿನಲ್ಲಿ 'ನಿಮ್ ಕ್ಯಾಂಟೀನು' ಅಂದರೆ ಒಂದೇ. ಕೆ.ಆರ್. ಪೇಟೆಯಲ್ಲಿ ನನ್ನ ಹೋಟೆಲಿನ ಎದುರಿಗೇ ಸರ್ಕಾರ ತೆಗೆದ ಕ್ಯಾಂಟೀನು. ಅದು ಅಲ್ಲಿ ಬೇಡವೆಂದು ಓಡಾಡಿದವನೂ ನಾನೇ, ಅದು ಮುಚ್ಚಿದಾಗ ತೆಗೆಯಿರಿ ಎಂದು ಹೋಗಿ ಕೂತವನೂ ನಾನೇ. ಮಳೆ ನಿಲ್ಲುವವರೆಗೂ ಆ ಕಿಟಕಿಯ ಪಕ್ಕದಲ್ಲಿ ನಿಂತೇ ಇದ್ದೆ. ಆ ಒಂದು ವರ್ಷ ಪೂರ್ತಿ ಕಣ್ಣ ಮುಂದೆ ಬಂತು.

ನಮ್ಮ ಹೋಟೆಲು ಇದ್ದದ್ದು ಬಸ್ ನಿಲ್ದಾಣದಿಂದ ಸಂತೆಯ ಕಡೆಗೆ ಹೋಗುವ ರಸ್ತೆಯಲ್ಲಿ. ಆರು ಬೆಂಚು, ಒಂದು ಗಲ್ಲಾಪೆಟ್ಟಿಗೆ, ಹಿಂದೆ ಅಡುಗೆಮನೆ. ಬೆಳಿಗ್ಗೆ ತಟ್ಟೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನ ಮುದ್ದೆ, ಉಪ್ಸಾರು, ಅನ್ನ. ಬೋರ್ಡಿನಲ್ಲಿ ಬೇರೇನೋ ಹೆಸರಿದ್ದರೂ ಜನ ಕರೆಯುತ್ತಿದ್ದದ್ದು ಮರಿಯಣ್ಣನ ಹೋಟ್ಲು ಅಂತಲೇ. ನನ್ನ ಇಡ್ಲಿಗಿಂತ ನನ್ನ ಬಾಯಿ ಹೆಚ್ಚು ಪ್ರಸಿದ್ಧವಾಗಿತ್ತು. ಬೆಳಿಗ್ಗೆ ಪೇಪರು ಬಂದ ಕೂಡಲೇ ಸರ್ಕಾರದ ಖರ್ಚಿನ ಸುದ್ದಿ ಹುಡುಕಿ ಗಟ್ಟಿಯಾಗಿ ಓದುತ್ತಿದ್ದೆ. ಎಲ್ಲೋ ಒಂದು ಸೇತುವೆ ಅರ್ಧಕ್ಕೆ ನಿಂತಿದೆ, ಇನ್ನೆಲ್ಲೋ ಕಟ್ಟಿದ ಭವನಕ್ಕೆ ಬೀಗ ಬಿದ್ದಿದೆ, ಓದಿ ಮುಗಿಸಿ, "ಯಾರಪ್ಪನ್ ಮನೆ ದುಡ್ಡು ಇದು? ನಂದು, ನಿಂದು!" ಅಂತ ಗಲ್ಲಾ ಮೇಲೆ ಗುದ್ದುತ್ತಿದ್ದೆ. ಕೆಲವರು ಕಾಫಿ ಕುಡಿದು ಮುಗಿದಿದ್ದರೂ ಮಜಾ ನೋಡಲೆಂದೇ ಕೂತಿರುತ್ತಿದ್ದರು.

ನನ್ನ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ನಮ್ಮಂಥ ಸಣ್ಣ ಹೋಟೆಲಿನವರು ಗಿರಾಕಿಯ ಬಿಲ್ಲಿನಲ್ಲಿ ತೆರಿಗೆ ಸೇರಿಸುವ ಹಾಗಿರಲಿಲ್ಲ. ವ್ಯಾಪಾರದ ಮೇಲೆ ಇಷ್ಟು ಅಂತ ನಮ್ಮ ಕೈಯಿಂದಲೇ ಕಟ್ಟಬೇಕಿತ್ತು. ಹೋಟೆಲಿನ ಸಿಲಿಂಡರಿಗೆ ತೆರಿಗೆ, ಎಣ್ಣೆಗೆ ತೆರಿಗೆ, ಪುರಸಭೆಗೆ ಲೈಸೆನ್ಸು, ಬಾಗಿಲ ಮೇಲಿನ ಬೋರ್ಡಿಗೂ ಒಂದಿಷ್ಟು. ನಾನು ಒಂದನ್ನೂ ತಪ್ಪಿಸಿದವನಲ್ಲ. ಕಟ್ಟುವುದು ಕಟ್ಟಿಬಿಟ್ಟರೆ ಬೈಯುವುದಕ್ಕೆ ಹಕ್ಕು ಬರುತ್ತದೆ ಎಂಬುದು ನನ್ನ ಲೆಕ್ಕಾಚಾರ. ನಮ್ಮ ಹೋಟೆಲಿನ ಮುಂದಿನ ಚರಂಡಿ ಮಾತ್ರ ವರ್ಷಗಳಿಂದ ಬಾಯಿ ತೆರೆದುಕೊಂಡೇ ಇತ್ತು. ಮಳೆಗಾಲದಲ್ಲಿ ಒಂದು ಹಲಗೆ ಹಾಕಿ ಗಿರಾಕಿಗಳನ್ನು ಒಳಗೆ ಕರೆಯುತ್ತಿದ್ದೆ.

ಅಡುಗೆಮನೆಯಲ್ಲಿ ಸುಶೀಲೆಯ ಜೊತೆಗೆ ನಿಂಗಮ್ಮ ಇದ್ದಳು. ಕಿಕ್ಕೇರಿ ಕಡೆಯ ಹಳ್ಳಿಯವಳು, ನನಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸುತ್ತ ಒಂಟಿಯಾಗಿ ಸಂಸಾರ ನಡೆಸುತ್ತಿದ್ದಳು. ಇಡ್ಲಿ ಹಿಟ್ಟು ಹುದುಗು ಬಂದಿದೆಯೋ ಇಲ್ಲವೋ ಎಂಬುದನ್ನು ಅವಳು ಪಾತ್ರೆಯ ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದಾದ ದಿನಗಳಲ್ಲಿ ನಾನು ಗಲ್ಲಾದ ಮೇಲೆ ಇನ್ನೂ ಜೋರಾಗಿ ಗುದ್ದಿದ್ದೆ. ನಿಂಗಮ್ಮ ಒಳಗಿನಿಂದಲೇ ಕೂಗಿದಳು:

"ಅಣ್ಣೋ, ನಿಮ್ ಓಟ್ಲಿಗೇ ಬರಾಕೆ ಕಣಣ್ಣೋ ನಾನು ಆ ಬಸ್ ಅತ್ತೋದು!"

ಹೋಟೆಲೆಲ್ಲ ನಕ್ಕಿತು. ನಾನೂ ನಕ್ಕೆ. ಬಸ್ಸಿನ ಕಾಸಿಗೆಂದು ಅವಳು ವಾರಕ್ಕೊಮ್ಮೆ ಕೈಚಾಚುತ್ತಿದ್ದದ್ದು ನಿಂತು ಆಗಲೇ ಒಂದೆರಡು ವಾರವಾಗಿತ್ತು. ಅದನ್ನು ನಾನು ಗಮನಿಸಿರಲಿಲ್ಲ. ಗಮನಿಸಿದ ಮೇಲೂ ವಾದ ಬಿಡಲಿಲ್ಲ.

ಆ ವರ್ಷ ಮುಂಗಾರಿಗೆ ಮೊದಲು ನಮ್ಮ ಎದುರು ಸಾಲಿನ ಖಾಲಿ ಜಾಗದಲ್ಲಿ ಗುಂಡಿ ತೋಡಿದರು. ಶೌಚಾಲಯ ಅಂತ ಒಬ್ಬರು, ರೈತರಿಗೆ ತಂಗುವ ಜಾಗ ಅಂತ ಇನ್ನೊಬ್ಬರು. ಗೋಡೆ ಎದ್ದು ಬಣ್ಣ ಬಳಿದ ಮೇಲೆ ಗೊತ್ತಾಯಿತು: ಸರ್ಕಾರಿ ಕ್ಯಾಂಟೀನು. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ನನ್ನ ಇಡ್ಲಿಯ ಪ್ಲೇಟಿನ ಬೆಲೆಗೆ ಅಲ್ಲಿ ಒಂದು ಸಂಸಾರವೇ ತಿಂದು ಕೈ ತೊಳೆಯಬಹುದು.

ಉದ್ಘಾಟನೆಯ ದಿನ ಜಿಟಿಜಿಟಿ ಮಳೆ. ಶಾಮಿಯಾನ, ಮೈಕು, ಹಾರ. ಭಾಷಣ ಮುಗಿದು ಗಣ್ಯರೆಲ್ಲ ತಟ್ಟೆ ಹಿಡಿದು ಫೋಟೋ ತೆಗೆಸಿಕೊಂಡರು. ಆಮೇಲೆ ಒಬ್ಬ ಹುಡುಕಿಕೊಂಡು ಬಂದು, "ಮರಿಯಣ್ಣ, ಸಾಹೇಬ್ರಿಗೆಲ್ಲ ಬಿಸಿ ಬಿಸಿ ತಟ್ಟೆ ಇಡ್ಲಿ ಬೇಕಂತೆ," ಅಂದ. ನಾನು ಕೊಟ್ಟೆ. ದುಡ್ಡನ್ನೂ ಸರಿಯಾಗಿ ಇಸಿದುಕೊಂಡೆ. ನನ್ನ ಇಡ್ಲಿ ತಿನ್ನುತ್ತ ಅವರಲ್ಲೊಬ್ಬರು, ಬಡವರಿಗೆ ಇನ್ನು ಹಸಿವೆಯ ಚಿಂತೆಯಿಲ್ಲ ಅನ್ನುತ್ತಿದ್ದರು. ಮಾರನೆಯ ಬೆಳಿಗ್ಗೆ ನನ್ನ ಆರು ಬೆಂಚಿನಲ್ಲಿ ನಾಲ್ಕು ಖಾಲಿ.

ಮಧ್ಯಾಹ್ನದ ಮುದ್ದೆಗೆ ಜನ ಬರುತ್ತಲೇ ಇದ್ದರು. ಪೆಟ್ಟು ಬಿದ್ದದ್ದು ತಿಂಡಿಗೆ. ಹಮಾಲಿಗಳು, ಕಟ್ಟಡದ ಕೆಲಸದವರು, ಆಸ್ಪತ್ರೆಗೆ ಬರುವ ಹಳ್ಳಿಯವರು, ಕಾಲೇಜು ಹುಡುಗರು, ಎಲ್ಲರೂ ಆ ಕಡೆ ಸಾಲಾಗಿ ನಿಂತರು. ನಾನು ಗಲ್ಲಾದಲ್ಲಿ ಕೂತು ಆ ಸಾಲನ್ನೇ ನೋಡುತ್ತಿದ್ದೆ. ಅದರಲ್ಲಿ ದೇವಯ್ಯನನ್ನು ಕಂಡ ದಿನ ನನಗೆ ನಿಜಕ್ಕೂ ಸಂಕಟವಾಯಿತು. ದೇವಯ್ಯ ಸಂತೆಯ ಮಂಡಿಗಳಲ್ಲಿ ಮೂಟೆ ಹೊರುವವನು. ನಾನು ಹೋಟೆಲು ತೆಗೆದಾಗಿನಿಂದ ಬಾಗಿಲ ಪಕ್ಕದ ಬೆಂಚು ಅವನದೇ. ಎರಡು ಇಡ್ಲಿ, ಅರ್ಧ ಕಾಫಿ, ನನ್ನ ಪ್ರತಿ ಮಾತಿಗೂ ಒಂದು ಅಡ್ಡ ಮಾತು. ನನ್ನ ಕಣ್ಣು ತನ್ನ ಮೇಲೆ ಬಿದ್ದದ್ದು ತಿಳಿದು ಹೆಗಲ ಟವಲನ್ನು ತಲೆಗೆ ಎಳೆದುಕೊಂಡ. ಮರುದಿನದಿಂದ ಅವನು ನಮ್ಮ ರಸ್ತೆಗೇ ಬರಲಿಲ್ಲ. ಹಿಂದಿನ ಗಲ್ಲಿಯಲ್ಲಿ ಸುತ್ತಿಕೊಂಡು, ಕ್ಯಾಂಟೀನಿನ ಆಚೆ ಬದಿಯ ಗೇಟಿನಿಂದ ಒಳಗೆ ಹೋಗುತ್ತಿದ್ದ. ಮೂಟೆ ಹೊತ್ತು ದಣಿದ ಮನುಷ್ಯ ನನ್ನ ಮುಖ ತಪ್ಪಿಸುವುದಕ್ಕೆ ಅಷ್ಟು ದೂರ ನಡೆಯುತ್ತಿದ್ದ.

ಆಷಾಢ ಕಳೆಯುವ ಹೊತ್ತಿಗೆ ಇಬ್ಬರಿಗೆ ಮಾಡುವಷ್ಟು ಕೆಲಸ ಅಡುಗೆಮನೆಯಲ್ಲಿ ಉಳಿಯಲಿಲ್ಲ. ನಿಂಗಮ್ಮನಿಗೆ, ಮಧ್ಯಾಹ್ನ ಒಂದು ಹೊತ್ತು ಬಂದರೆ ಸಾಕು ಅಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಅರ್ಧ ಕೂಲಿಗೆ ಎಂಗಣ್ಣ ಆಯ್ತದೆ? ಮಗಳು ಪಿಯುಸಿ." ಆಮೇಲೆ ನೆಲ ನೋಡುತ್ತ, "ಎದುರ್ಗಡೆ ಕರೀತಾವ್ರೆ. ಕಂಟ್ರಾಟ್ರು ಏಳ್ಕಳ್ಸವ್ರೆ. ನೀವ್ ಬ್ಯಾಡ ಅಂದ್ರೆ ಓಗಕಿಲ್ಲ."

ಬೇಡ ಅನ್ನಲು ನನ್ನಲ್ಲಿ ಏನಿತ್ತು? "ಓಗಮ್ಮ," ಅಂದೆ. ಸುಶೀಲೆ ಅವಳಿಗೆ ಒಂದು ಹಳೆಯ ಸೀರೆಯನ್ನೂ ಒಂದು ಪೊಟ್ಟಣ ಉಪ್ಪಿನಕಾಯಿಯನ್ನೂ ಕೊಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ರಸ್ತೆ ದಾಟಿಸಿ ಬಂದಳು. ಇದಾದ ಮೇಲೆ ಎದುರಿನ ಸಾಲು ಇನ್ನೂ ಉದ್ದವಾಯಿತು. ಅಲ್ಲಿಯ ಇಡ್ಲಿ ಮೊದಲಿಗಿಂತ ಚೆನ್ನಾಗಿದೆಯಂತೆ ಅಂತ ಯಾರೋ ನನ್ನೆದುರೇ ಹೇಳಿದರು. ಚೆನ್ನಾಗಿರದೆ ಏನು?

ಊರಿನ ಹೋಟೆಲಿನವರು ಒಂದು ಮಧ್ಯಾಹ್ನ ನಮ್ಮಲ್ಲಿ ಸೇರಿದರು. ನಾನು ಮಾತಾಡಿದೆ. "ನಾವ್ ಕಟ್ಟೋ ತೆರಿಗೇಲಿ ನಮ್ಮೆದ್ರುಗೇ ಅಂಗಡಿ ಇಡೋದು ಯಾವ ನ್ಯಾಯ? ಬಡವ್ರಿಗ್ ಕೊಡ್ಲಿ, ಬ್ಯಾಡ ಅಂದೋರ್ ಯಾರು? ಆಸ್ಪತ್ರೆ ಅತ್ರ ಮಾಡ್ಲಿ, ಕಾಲೇಜ್ ಅತ್ರ ಮಾಡ್ಲಿ. ಅಲ್ಲಿ ಒಂದ್ ಟೀ ಅಂಗ್ಡೀನೂ ಇಲ್ಲ." ಎಲ್ಲರೂ ತಲೆಯಾಡಿಸಿದರು. ಬಸ್ ನಿಲ್ದಾಣದ ಪಕ್ಕದ ದರ್ಶಿನಿಯ ಪ್ರಕಾಶ ನನಗಿಂತ ಜೋರಾಗಿ ಕೂಗಿದ. ಮರುದಿನವೇ ಪುರಸಭೆ ಕಚೇರಿಗೆ ಹೋದೆವು.

ಅಲ್ಲಿದ್ದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ನಮ್ಮನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು.

"ಬಡವರ ಊಟಕ್ಕೆ ನಮ್ಮ ವಿರೋಧ ಇದೆ ಅಂತ ಬರೆದು ಎಲ್ಲರೂ ಸಹಿ ಹಾಕಿ ಕೊಡಿ. ಮೇಲಕ್ಕೆ ಕಳಿಸ್ತೀನಿ."

"ಊಟಕ್ಕಲ್ಲ ಸಾರ್ ವಿರೋಧ, ಜಾಗಕ್ಕೆ," ಅಂದೆ.

"ಜಾಗ ಮಂಜೂರಾಗಿ ಕಟ್ಟಡ ಎದ್ದಾಗಿದೆ. ಇನ್ನು ಉಳಿದಿರೋದು ಊಟ ಒಂದೇ ಅಲ್ವಾ?"

ನಾನು ಸುತ್ತ ನೋಡಿದೆ. ಹೋಟೆಲಿನವರೆಲ್ಲ ಫ್ಯಾನು ನೋಡುತ್ತಿದ್ದರು. ಪ್ರಕಾಶ ಫೋನು ಬಂತು ಅಂತ ಎದ್ದು ಹೋದವನು ಮತ್ತೆ ಒಳಗೆ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ; ಆ ಹಾಳೆಯ ಮೇಲೆ ನನ್ನ ಪೆನ್ನೂ ಇಳಿಯಲಿಲ್ಲ. ಹೊರಗೆ ಬಂದಾಗ ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿತ್ತು. ಒಬ್ಬೊಬ್ಬರೂ ಒಂದೊಂದು ನೆವ ಹೇಳಿ ಚದುರಿದರು. ಮನೆಗೆ ಬಂದು ಸುಶೀಲೆಗೆ ಹೇಳಿದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತ, "ಒಳ್ಳೇದಾಯ್ತು ಬುಡಿ. ಅಂಗೆ ಬರ್ಕೊಟ್ಟು ಬಂದಿದ್ರೆ ನಾಳೆ ಯಾವ್ ಮುಖ ಇಟ್ಕೊಂಡು ಊಟ ಇಕ್ಕೋದು?" ಅಂದಳು.

ದಸರಾ ಕಳೆದ ಮೇಲೆ ಎದುರಿನ ಕ್ಯಾಂಟೀನಿನಲ್ಲಿ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗತೊಡಗಿತು. ನನಗೆ ಅದು ಮೊದಲು ತಿಳಿದದ್ದು ವಾಸನೆಯಿಂದ. ಸಾಂಬಾರಿನ ಹಬೆಯಲ್ಲಿ ಬೇಳೆಯಿರಲಿಲ್ಲ. ಬರೀ ಹುಣಸೆ, ಖಾರದಪುಡಿ. ಕಾಲೇಜು ಹುಡುಗರು ಸಾಲು ಬಿಟ್ಟರು. ತಿಂಡಿ ಬೇಗ ಮುಗಿಯತೊಡಗಿತು. ಮುಗಿಯಿತು ಅಂದ ಕೂಡಲೇ ಜನ ಬೈಯುತ್ತಿದ್ದದ್ದು ಕಿಟಕಿಯಲ್ಲಿ ನಿಂತ ನಿಂಗಮ್ಮನನ್ನು. ಸರ್ಕಾರದಿಂದ ಬಿಲ್ಲು ಬಂದಿಲ್ಲ ಅನ್ನುವುದು ಗುತ್ತಿಗೆದಾರನ ಮಾತು. ಲೆಕ್ಕ ಸರಿಯಾಗಿ ಕೊಟ್ಟಿಲ್ಲ ಅನ್ನುವುದು ಕಚೇರಿಯವರ ಮಾತು. ನಡುವೆ ಕೆಲಸದವರಿಗೆ ಸಂಬಳವಿಲ್ಲ. ನಿಂಗಮ್ಮ ಮಾತ್ರ ದಿನವೂ ಅದೇ ಬಸ್ಸಿಗೆ ಬರುತ್ತಿದ್ದಳು. ನಮ್ಮ ಕಡೆ ನೋಡಿ ಕೈಯೆತ್ತುತ್ತಿದ್ದವಳು ಈಗ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ಸಂತೆಯ ದಿನ ಬೆಳಿಗ್ಗೆ ಅವಳು ರಸ್ತೆ ದಾಟಿ ಓಡಿ ಬಂದಳು. ಎದುರಿಗೆ ಸಾಲು ಗೇಟಿನಾಚೆಗೂ ಬೆಳೆದಿತ್ತು. ಹಳ್ಳಿಗಳಿಂದ ಬಂದ ಮುದುಕರು, ಕೂಸು ಎತ್ತಿಕೊಂಡ ಹೆಂಗಸರು.

"ಅಣ್ಣ, ಗ್ಯಾಸ್ ಮುಗ್ದೋಯ್ತು. ಅರ್ಧ ಬೆಂದೈತೆ. ಕಂಟ್ರಾಟ್ರು ಫೋನ್ ಎತ್ತಾಕಿಲ್ಲ. ಒಂದ್ ಸಿಲಿಂಡ್ರು ಕೊಡಿ ಅಣ್ಣ, ನಿಮ್ ಕಾಲಿಗ್ ಬೀಳ್ತೀನಿ."

"ನನ್ ಸಿಲಿಂಡ್ರು ಅಲ್ಲಿ ಉರಿಬೇಕಾ ನಿಂಗಮ್ಮ? ನನ್ ಗಿರಾಕಿಗಳ್ನ ಎಳ್ಕೊಂಡಿದ್ದು ಸಾಲ್ದಾ? ನಾನು ತೆರಿಗೇನೂ ಕಟ್ಬೇಕು, ಗ್ಯಾಸೂ ಕೊಡ್ಬೇಕಾ? ಸರ್ಕಾರ ನಡ್ಸೋದು ನಾನೇನಮ್ಮ?"

ನನ್ನ ದನಿ ಏರಿತ್ತು. ಹಿಂದೆ ಗಡಗಡ ಸದ್ದಾಯಿತು. ತಿರುಗಿ ನೋಡಿದರೆ ಸುಶೀಲೆ ಸೀರೆ ಎತ್ತಿಕಟ್ಟಿಕೊಂಡು ತುಂಬಿದ ಸಿಲಿಂಡರನ್ನು ಅಡುಗೆಮನೆಯಿಂದ ಉರುಳಿಸಿಕೊಂಡು ಬರುತ್ತಿದ್ದಳು.

"ಏನ್ ಮಾಡ್ತಿದ್ದೀಯ?"

"ಬಯ್ಯೋದು ಆಮೇಲ್ ಬಯ್ರಿ. ಅಕ್ಕಿ ಅರ್ಧ ಬೆಂದು ನಿಂತೈತಂತೆ. ಇಡೀ ಅಂಡೆ ಅನ್ನ ತಿಪ್ಪೆಗ್ ಸುರೀತಾರೆ. ಅದ್ಯಾರ್ ದುಡ್ಡು? ನೀವೇ ಅಲ್ವಾ ದಿನಾ ಗುದ್ದಿ ಗುದ್ದಿ ಏಳೋದು, ನಂದು ನಂದು ಅಂತ?"

ಇಷ್ಟು ವರ್ಷದಲ್ಲಿ ನನ್ನ ಭಾಷಣವನ್ನು ಅವಳು ಕೇಳಿಸಿಕೊಂಡಿದ್ದಾಳೆ ಅಂತಲೇ ನನಗೆ ಗೊತ್ತಿರಲಿಲ್ಲ. ಇಬ್ಬರು ಹೆಂಗಸರು ಚರಂಡಿಯ ಹಲಗೆಯ ಮೇಲೆ ಸಿಲಿಂಡರು ದಾಟಿಸಲಾಗದೆ ಒದ್ದಾಡುತ್ತಿದ್ದರು. ಎದ್ದು ಹೋಗಿ ಹೆಗಲಿಗೇರಿಸಿಕೊಂಡೆ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಆ ಅಡುಗೆಮನೆಯನ್ನು ಒಳಗಿನಿಂದ ಕಂಡದ್ದು ಅದೇ ಮೊದಲು. ಎಂಥ ಪಾತ್ರೆಗಳು! ನಾನು ಜೀವಮಾನದಲ್ಲಿ ಕೊಳ್ಳಲಾಗದ ಗ್ರೈಂಡರು, ಹಬೆ ಪೆಟ್ಟಿಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಟೀಲ್ ಕಟ್ಟೆ. ಆ ಗ್ರೈಂಡರು ಕೆಟ್ಟು ತಿಂಗಳಾಗಿತ್ತು. ಅದರ ಮೇಲೆ ಚೀಲ ಹೊದಿಸಿದ್ದರು. ಆ ಚೀಲ ನೋಡಿ ನನಗೆ ಬಂದ ಸಿಟ್ಟು, ಖಾಲಿ ಬೆಂಚು ನೋಡಿದಾಗಲೂ ಬಂದಿರಲಿಲ್ಲ.

ಸಿಲಿಂಡರು ಕೊಟ್ಟು ಕ್ಯಾಂಟೀನನ್ನು ಬಹಳ ದಿನ ಉಳಿಸಲಾಗಲಿಲ್ಲ. ಕಾರ್ತಿಕದ ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಗೇಟಿಗೆ ಬೀಗ ಬಿತ್ತು. ದುರಸ್ತಿಗಾಗಿ ಮುಚ್ಚಲಾಗಿದೆ ಅಂತ ಒಂದು ಚೀಟಿ ಅಂಟಿಸಿದ್ದರು. ಪ್ರಕಾಶ ಮೈಸೂರು ಪಾಕು ತಂದು ನನ್ನ ಬಾಯಿಗಿಟ್ಟ. "ಗೆದ್ವಿ ಕಣಣ್ಣ!" ನಾನೂ ತಿಂದೆ, ಸುಳ್ಳೇಕೆ? ಮಾರನೆಯ ದಿನ ಇಡ್ಲಿಗೆ ಅಕ್ಕಿ, ಉದ್ದು ಎರಡರಷ್ಟು ನೆನೆಹಾಕಿಸಿದೆ.

ಕಾಲೇಜು ಹುಡುಗರು ಬಂದರು. ಆಫೀಸಿನ ಜವಾನರು ಬಂದರು. ಮಿಕ್ಕವರು ಬರಲಿಲ್ಲ. ನಾಳೆ ಬರುತ್ತಾರೆ, ಸಂತೆಗೆ ಬರುತ್ತಾರೆ ಅಂತ ಕಾದೆ. ಹಿಟ್ಟು ಹುಳಿ ಬಂದು ಚೆಲ್ಲಿದೆವು. ಅವರನ್ನೆಲ್ಲ ಎದುರಿನ ಕ್ಯಾಂಟೀನು ನನ್ನಿಂದ ಕಿತ್ತುಕೊಂಡಿತು ಅಂದುಕೊಂಡಿದ್ದೆ. ಆ ಸಾಲಿನಲ್ಲಿ ನಿಲ್ಲುತ್ತಿದ್ದವರಲ್ಲಿ ಹೆಚ್ಚಿನವರು ನನ್ನ ಬಾಗಿಲು ತುಳಿದವರೇ ಅಲ್ಲ. ಅವರು ಮೊದಲು ಬೆಳಿಗ್ಗೆ ಏನು ತಿನ್ನುತ್ತಿದ್ದರು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ದೇವಯ್ಯ ಮಾತ್ರ ನನ್ನ ಗಿರಾಕಿಯೇ. ಅವನೂ ಬರಲಿಲ್ಲ. ಒಂದು ದಿನ ಈರುಳ್ಳಿ ತರಲು ಮಂಡಿಗೆ ಹೋದಾಗ ಲಾರಿಯ ಮರೆಯಲ್ಲಿ ಕೂತಿದ್ದ. ಕೈಯಲ್ಲಿ ಒಂದು ಲೋಟ ಟೀ, ಅದರಲ್ಲಿ ಅದ್ದಿದ ಬನ್ನು.

"ಯಾಕ್ಲಾ ದೇವ, ಓಟ್ಲು ಮರ್ತೋಯ್ತಾ?"

ಅವನು ಎದ್ದು ನಿಲ್ಲಲು ಹೋದ, ನಾನು ಪಕ್ಕದಲ್ಲೇ ಕೂತೆ. ವಯಸ್ಸಾದ ಮೇಲೆ ಮೂಟೆ ಕಮ್ಮಿ ಸಿಗುತ್ತದೆ, ಹುಡುಗರು ಬೇಗ ಎತ್ತುತ್ತಾರೆ ಅಂದ. ಸೊಂಟ ಹಿಡಿದುಕೊಂಡಿದೆ ಅಂದ. ನಾನು, "ಬಾ ಲೇ, ತಿನ್ನು. ಕಾಸು ಇದ್ದಾಗ ಕೊಡುವಂತೆ. ಯಾರ್ ಕೇಳ್ತಾರೆ ನಿನ್ನ?" ಅಂದೆ.

ಬನ್ನಿನ ಕೊನೆಯ ತುಂಡನ್ನು ನುಂಗಿ ಅವನು ನಿಧಾನವಾಗಿ ಹೇಳಿದ: "ನೀವು ಕೇಳಕಿಲ್ಲ ಅಂತ ಗೊತ್ತು. ಅದ್ಕೇ ಬರಾಕಿಲ್ಲ. ನಿಮ್ಮಲ್ಲಿಗ್ ಬಂದ್ರೆ ನಾನ್ ಸಾಲ್ಗಾರ ಕಣಣ್ಣ. ಅಲ್ಲಿ ಐದ್ರೂಪಾಯ್ ಬಿಸಾಕಿ ಗಿರಾಕಿ ಆಗಿದ್ದೆ. ಉಪ್ಪಿಲ್ಲ ಕಣಮ್ಮಿ ಅಂತ ನಿಂಗಮ್ಮನ್ ಬಯ್ತಿದ್ದೆ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಈರುಳ್ಳಿ ಚೀಲ ಅವನೇ ಎತ್ತಿಕೊಂಡು ಬಂದು ಹೋಟೆಲಿನ ಬಾಗಿಲಲ್ಲಿ ಇಳಿಸಿದ, ಕೂಲಿ ಇಸಿದುಕೊಂಡ, ಒಳಗೆ ಬರಲಿಲ್ಲ.

ಆ ವಾರವೇ ನಿಂಗಮ್ಮ ಬಂದಳು. ಬರಬೇಕಾದ ಸಂಬಳ ಕೇಳಲು ಕಚೇರಿಗೆ ಹೋದರೆ ಗುತ್ತಿಗೆದಾರನ ಹತ್ತಿರ ಕಳಿಸುತ್ತಾರೆ, ಅವನ ಹತ್ತಿರ ಹೋದರೆ ಕಚೇರಿಗೆ ಕಳಿಸುತ್ತಾನೆ. "ನೀವ್ ಒಂದ್ ಮಾತಾಡಿ ಅಣ್ಣ. ನಿಮ್ಗೆ ಮಾತು ಬತ್ತದೆ." ನಾನು ಶರ್ಟು ಬದಲಾಯಿಸುತ್ತಿದ್ದಾಗ ಸುಶೀಲೆ ಬಾಗಿಲಲ್ಲಿ ಬಂದು ನಿಂತಳು.

"ಸಂಬ್ಳ ಮಾತ್ರ ಕೇಳ್ತೀರೋ, ಕ್ಯಾಂಟೀನೂ ತೆಗೀರಿ ಅಂತೀರೋ?"

"ಎರಡೂ."

"ತೆಗುದ್ರೆ ನಮ್ಗೇನಾಯ್ತದೆ ಗೊತ್ತಲ್ಲ?"

"ಗೊತ್ತು."

ಅವಳು ಬಾಗಿಲಿಂದ ಪಕ್ಕಕ್ಕೆ ಸರಿದಳು. ನಾನು ಧರ್ಮರಾಯನಾಗಿ ಹೊರಟಿರಲಿಲ್ಲ. ಹಸಿದವರ ಮೇಲಿನ ಕನಿಕರ ಸ್ವಲ್ಪ ಇತ್ತು, ನಿಜ. ಆದರೆ ಬಾಗಿಲು ಹಾಕಿದ ಆ ಕಟ್ಟಡವನ್ನು ಬೆಳಗಾದರೆ ಗಲ್ಲಾದಿಂದ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಹಬೆ ಪೆಟ್ಟಿಗೆಗೆ ತುಕ್ಕು ಹಿಡಿಯುತ್ತಿದೆ, ಚೀಲದ ಕೆಳಗೆ ಇಲಿ ಮರಿ ಹಾಕುತ್ತಿದೆ ಅನ್ನುವ ಯೋಚನೆಗೆ ಮೈ ಉರಿಯುತ್ತಿತ್ತು. ಅನ್ನ ಬಡವರ ಹೊಟ್ಟೆಗೆ ಹೋದರೆ ನನ್ನ ದುಡ್ಡು ಒಂದು ಕಡೆ ಸೇರಿತು. ಬೀಗದೊಳಗೆ ಕೊಳೆತರೆ ಅದು ಯಾರಿಗೂ ಸೇರಲಿಲ್ಲ.

ಅದೇ ಅಧಿಕಾರಿ. ನನ್ನ ಗುರುತು ಹಿಡಿದರು.

"ಬೇಡ ಅಂತ ಬಂದಿದ್ದೋರು ನೀವೇ ಅಲ್ವಾ?"

"ಹೌದು ಸಾರ್. ಕಟ್ಟೋಕ್ ಮೊದ್ಲು ನಮ್ಮನ್ನ ಕೇಳಿದ್ರೆ ಈಗ್ಲೂ ಬೇಡ ಅಂತಿದ್ದೆ, ಆ ಜಾಗದಲ್ಲಿ. ಕಟ್ಬುಟ್ರಿ. ನನ್ ವ್ಯಾಪಾರಾನೂ ಓಯ್ತು. ಅಷ್ಟು ಕಳ್ಕೊಂಡ್ ಮೇಲೆ ಬೀಗ ಹಾಕಿದ್ರೆ ಎಂಗ್ ಸಾರ್? ಒಂದೋ ಶುರು ಮಾಡ್ಬೇಡಿ, ಇಲ್ಲಾ ನೆಟ್ಟಗೆ ನಡ್ಸಿ. ಈಯಮ್ಮ ತಿಂಗ್ಳುಗಟ್ಲೆ ಬಿಟ್ಟಿ ದುಡ್ದವ್ಳೆ. ಸರ್ಕಾರ ಬಡವ್ರಿಗ್ ಅನ್ನ ಕೊಡ್ತು ಅಂತ ಬೋರ್ಡೈತೆ. ಕೊಟ್ಟಿದ್ದು ಈಯಮ್ಮ ಸಾರ್, ಇವ್ಳ್ ಸಂಬ್ಳದಲ್ಲಿ."

ಅವರು ಹಾಳೆ ತಳ್ಳಲಿಲ್ಲ. ನಿಂಗಮ್ಮನ ಕಡೆ ನೋಡಿ ಎಷ್ಟು ತಿಂಗಳದ್ದು ಅಂತ ಕೇಳಿದರು. ನಿಂಗಮ್ಮ ಹೇಳಲು ಬಾಯಿ ತೆರೆದವಳು ಅತ್ತುಬಿಟ್ಟಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕೈಯಲ್ಲಿ ಇಲ್ಲ. ಬರೀತೀನಿ," ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬರೆದರು ಅಂತಲೂ ಆಮೇಲೆ ತಿಳಿಯಿತು. ನಾನು ಅಷ್ಟಕ್ಕೆ ಬಿಡಲಿಲ್ಲ. ಆ ಚಳಿಗಾಲವೆಲ್ಲ ಹೋಗಿ ಹೋಗಿ ಅಲ್ಲಿ ಕೂತೆ. ಪ್ರಕಾಶ ನನ್ನ ಜೊತೆ ಮಾತು ಬಿಟ್ಟ. ಮಿಕ್ಕ ಹೋಟೆಲಿನವರು, ಮರಿಯಣ್ಣನಿಗೆ ತಲೆ ಕೆಟ್ಟಿದೆ ಅಂದರು. ನಾನು ಗಲ್ಲಾ ಬಿಟ್ಟು ಕಚೇರಿ ಸುತ್ತುತ್ತಿದ್ದರಿಂದ ಇದ್ದ ವ್ಯಾಪಾರವೂ ಇಳಿಯಿತು. ಸುಶೀಲೆ ಒಬ್ಬಳೇ ಎಷ್ಟು ಅಂತ ಮಾಡುತ್ತಾಳೆ?

ಯುಗಾದಿ ಆದ ಮೇಲೆ ಹೊಸ ಗುತ್ತಿಗೆದಾರ ಬಂದ. ಗ್ರೈಂಡರು ರಿಪೇರಿಯಾಯಿತು, ಗೋಡೆಗೆ ಮತ್ತೆ ಬಣ್ಣ ಬಂತು. ನಿಂಗಮ್ಮನಿಗೆ ಹಳೆಯ ಸಂಬಳ ಒಂದಿಷ್ಟು ಬಂತು, ಒಂದಿಷ್ಟು ಬರಲೇ ಇಲ್ಲ. ಅವಳನ್ನು ಕೆಲಸಕ್ಕೆ ಮತ್ತೆ ಇಟ್ಟುಕೊಂಡರು. ಈ ಸಲ ಭಾಷಣ ಗೀಷಣ ಇರಲಿಲ್ಲ. ಒಂದು ಸೋಮವಾರ ಗೇಟು ತೆಗೆದರು. ಮಧ್ಯಾಹ್ನದೊಳಗೆ ಸಾಲು ರಸ್ತೆಗೆ ಬಂದಿತ್ತು.

ನಮ್ಮ ಹೋಟೆಲು ಆಮೇಲೆ ಬಹಳ ದಿನ ನಡೆಯಲಿಲ್ಲ. ಬೆಳಗಿನ ವ್ಯಾಪಾರ ಪೂರ್ತಿ ನಿಂತಿತು. ಕಟ್ಟಡದ ಮಾಲೀಕರು ಬಾಡಿಗೆ ಏರಿಸುವ ಮಾತಾಡಿದರು. ನಾಗಮಂಗಲದಲ್ಲಿ ಭಾಮೈದ, "ಬನ್ನಿ ಭಾವ, ಮುಂದಿನ ರೂಮು ಖಾಲಿ ಐತೆ," ಅಂದ. ಸುಶೀಲೆಯೂ ನಾನೂ ಆ ಬಗ್ಗೆ ಜಗಳವಾಡಲೇ ಇಲ್ಲ. ಜಗಳವಾಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಹೊರಡುವ ದಿನ ಮತ್ತೆ ಮುಂಗಾರಿನ ಮೊದಲ ಮಳೆ. ಟೆಂಪೋಗೆ ಒಲೆ, ಪಾತ್ರೆ, ಬೆಂಚು ಎಲ್ಲ ತುಂಬಿಸುವುದರಲ್ಲಿ ಮಧ್ಯಾಹ್ನವಾಯಿತು. ನಮ್ಮ ಜೊತೆ ಮೂಟೆ ಹೊತ್ತವನು ದೇವಯ್ಯ. ಯಾರೂ ಕರೆದಿರಲಿಲ್ಲ, ತಾನೇ ಬಂದಿದ್ದ. ಕೊನೆಯ ಮೂಟೆ ಏರಿಸಿ ಉಣ್ಣಲು ಎದುರಿಗೆ ಹೋದ. ಕೆಲಸ ಮುಗಿದ ಮೇಲೆ ಖಾಲಿ ಹೋಟೆಲಿನ ನಡುವೆ ನಿಂತು ಸುಶೀಲೆ, "ಅಸಿವಾಯ್ತಾ ಐತೆ ಕಣ್ರೀ," ಅಂದಳು. ನಾನು ಅಭ್ಯಾಸದಂತೆ ಅಡುಗೆಮನೆಯ ಕಡೆ ತಿರುಗಿದೆ. ಒಲೆಯಿದ್ದ ಕಡೆ ಮಸಿ ಹಿಡಿದ ಗೋಡೆಯಷ್ಟೇ ಇತ್ತು. ಊರಿಗೆಲ್ಲ ಊಟ ಹಾಕಿದ ಮನೆಯಲ್ಲಿ ನಮಗೆ ಒಂದು ಹಿಡಿ ಅನ್ನವಿರಲಿಲ್ಲ. ದರ್ಶಿನಿಗೆ ಹೋಗೋಣ ಅಂದೆ. ಅವಳು ಕೇಳಿಸಿಕೊಳ್ಳದವಳಂತೆ ಸೆರಗು ತಲೆಗೆ ಹಾಕಿಕೊಂಡು ಹಲಗೆ ದಾಟಿ ಎದುರಿನ ಸಾಲಿಗೆ ಹೋಗಿ ನಿಂತಳು.

ನಾನು ಸ್ವಲ್ಪ ಹೊತ್ತು ಬಾಗಿಲಲ್ಲೇ ಇದ್ದೆ. ಆಮೇಲೆ ಹೋಗಿ ಅವಳ ಹಿಂದೆ ನಿಂತೆ. ಸಾಲಿನಲ್ಲಿ ಕೆಲವರು ತಿರುಗಿ ನೋಡಿದರು, ಒಬ್ಬ ನನಗೆ ಮುಂದೆ ಹೋಗಿ ಅಂದ. ನಾನು ಹೋಗಲಿಲ್ಲ. ಕಿಟಕಿಯಲ್ಲಿ ನಿಂಗಮ್ಮ ಟೋಕನ್ನು ಇಸಿದುಕೊಂಡು ತಟ್ಟೆಗೆ ಅನ್ನ ಹಾಕಲು ಕೈ ಚಾಚಿದವಳು ನನ್ನ ಮುಖ ನೋಡಿ ಹಾಗೆಯೇ ನಿಂತಳು. "ಅಣ್ಣ..." ಅಂದಳು. ಹಿಂದಿನಿಂದ ಯಾರೋ, "ಬೇಗ ಆಕಮ್ಮೋ," ಅಂದರು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಎಲ್ಲರಿಗೂ ಹಾಕುವಷ್ಟೇ ಹಾಕಿದಳು. ಹೆಚ್ಚು ಹಾಕಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಒಳಗೆ ನಿಂತು ಉಣ್ಣುವ ಎತ್ತರದ ಮೇಜುಗಳೆಲ್ಲ ತುಂಬಿದ್ದವು. ಬಿಸಿ ತಟ್ಟೆ ಹಿಡಿದು ನಾವಿಬ್ಬರೂ ದಾರಿ ಕಾಣದೆ ನಿಂತಿದ್ದಾಗ ಮೂಲೆಯ ಮೇಜಿನಿಂದ ದೇವಯ್ಯ ಕೂಗಿದ. ತನ್ನ ತಟ್ಟೆಯನ್ನು ಒಂದು ಪಕ್ಕಕ್ಕೆ ಸರಿಸಿ, ಹೆಗಲ ಟವಲಿನಿಂದ ಮೇಜು ಒರೆಸುತ್ತಿದ್ದ.

"ಇಲ್ ಬನ್ನಿ ಅಣ್ಣ, ಅಕ್ಕಾ ಬನ್ನಿ. ಜಾಗ ಐತೆ."

ಮೂವರೂ ಒತ್ತಿಕೊಂಡು ನಿಂತು ಉಂಡೆವು. ಸಾರಿನಲ್ಲಿ ಬೇಳೆಯಿತ್ತು.